ವರದಿಯ ಹಿಂದಿನ ಕೈಗಳು

ರಕ್ತ ಪರೀಕ್ಷೆ ಮಾಡಿಸಿಕೊಳ್ಳದ ಹೆಂಗಸು ಈಗ ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಬಸಿರಾದರೆ ಪರೀಕ್ಷೆ, ತಲೆ ಸುತ್ತಿದರೆ ಪರೀಕ್ಷೆ, ನಲವತ್ತು ದಾಟಿತೆಂದರೆ ಸಕ್ಕರೆಯದೊಂದು, ಥೈರಾಯ್ಡಿನದೊಂದು. ವರದಿ ಕೈಗೆ ಬಂದ ಕೂಡಲೇ ನಾವು ಹುಡುಕುವುದು ಅಂಕಿಯನ್ನು. ಅದು ದಪ್ಪ ಅಕ್ಷರದಲ್ಲಿದ್ದರೆ ಎದೆ ಧಸಕ್ಕೆನ್ನುತ್ತದೆ. ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು ಅವರ ಮುಖವನ್ನೇ ನೋಡುತ್ತ ಕೂರುತ್ತೇವೆ. ಆ ಅಂಕಿಯನ್ನು ಹುಡುಕಿ ಕೊಟ್ಟವರು ಯಾರು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಸೂಜಿ ಚುಚ್ಚಿದ ಹುಡುಗಿಯ ಮುಖ ಸ್ವಲ್ಪ ನೆನಪಿರುತ್ತದೆ, ಅದೂ ನೋವಾಗಿದ್ದರೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೆ ವರ್ಷವರ್ಷವೂ ರಾಜರ ಪಟ್ಟಿ, ಯುದ್ಧಗಳ ಪಟ್ಟಿ ಬರೆಸಿ ಬರೆಸಿ ನನಗೆ ಪಟ್ಟಿಯಲ್ಲಿ ಇಲ್ಲದವರ ಮೇಲೆ ಕುತೂಹಲ ಬೆಳೆದಿದೆ. ದೇವಸ್ಥಾನ ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿರುತ್ತದೆ, ಕಲ್ಲು ಹೊತ್ತವರದು ಇರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಬ್ ಟೆಕ್ನೀಷಿಯನ್ ಆದ ಮೇಲೆ, ಅವಳು ಹೇಳಿದ್ದನ್ನು ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ಹೋದಂತೆ, ಈ ಪ್ರಯೋಗಾಲಯಗಳ ಚರಿತ್ರೆಯೂ ನಮ್ಮ ಶಾಸನಗಳ ಹಾಗೆಯೇ ಇದೆ ಎನ್ನಿಸಿತು.

ಮೊದಲಿಗೆ ಅಡಿಗೆಮನೆಯಿಂದಲೇ ಶುರು ಮಾಡುತ್ತೇನೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಹಾಲಿನ ಪುಡ್ಡಿಂಗ್ ಮಾಡುವವರಿಗೆ ಚೈನಾ ಗ್ರಾಸ್ ಗೊತ್ತು. ಒಣಗಿದ ಎಳೆಗಳ ಹಾಗಿರುತ್ತದೆ, ನೀರಿನಲ್ಲಿ ಕುದಿಸಿ ಹಾಲಿಗೆ ಸುರಿದರೆ ಆರಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಸಮುದ್ರದ ಪಾಚಿಯಿಂದ ತೆಗೆಯುವ ಈ ವಸ್ತುವಿಗೆ ಪ್ರಯೋಗಾಲಯದಲ್ಲಿ ಅಗರ್ ಎಂದು ಹೆಸರು. ಅದನ್ನು ಪ್ರಯೋಗಾಲಯಕ್ಕೆ ತಂದದ್ದು ಒಬ್ಬ ಗೃಹಿಣಿ.

1880ರ ಆಸುಪಾಸಿನಲ್ಲಿ ಜರ್ಮನಿಯ ರಾಬರ್ಟ್ ಕಾಕ್ ರೋಗಾಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸುವ ಪ್ರಯತ್ನದಲ್ಲಿದ್ದರು. ಆಲೂಗಡ್ಡೆಯ ಹೋಳುಗಳ ಮೇಲೆ ಬೆಳೆಸಿ ನೋಡಿದರು, ಆಮೇಲೆ ಜೆಲಟಿನ್ ಹಾಕಿದ ಸಾರಿನ ಮೇಲೆ ಬೆಳೆಸಿದರು. ಜೆಲಟಿನ್ನಿನ ತೊಂದರೆ ಏನೆಂದರೆ, ಮನುಷ್ಯನ ಮೈಯ ಬಿಸಿಗೇ ಅದು ಕರಗಿ ನೀರಾಗುತ್ತದೆ. ಎಷ್ಟೋ ಅಣುಜೀವಿಗಳು ಅದನ್ನು ತಿಂದು ಕರಗಿಸಿಯೂ ಬಿಡುತ್ತವೆ. ನಮ್ಮ ಮೈಯೊಳಗಿನ ರೋಗಾಣುವನ್ನು ಮೈಯ ಬಿಸಿಯಲ್ಲೇ ಬೆಳೆಸಬೇಕು, ಆದರೆ ಆ ಬಿಸಿಗೆ ತಟ್ಟೆಯೇ ಹರಿದು ಹೋಗುತ್ತದೆ! ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಇದೇ ಚಿಂತೆಯಲ್ಲಿದ್ದಾಗ, ಬೇಸಿಗೆಯಲ್ಲೂ ನಿನ್ನ ಜೆಲ್ಲಿ ಹೇಗೆ ಕರಗದೆ ನಿಲ್ಲುತ್ತದೆ ಎಂದು ಹೆಂಡತಿಯನ್ನು ಕೇಳಿದರಂತೆ. ಹೆಂಡತಿ ಫ್ಯಾನಿ ಹೆಸ್ಸೆ. ಅಮೆರಿಕದಲ್ಲಿ ಹುಟ್ಟಿ ಬೆಳೆದವರು. ಅಲ್ಲಿ ಜಾವಾ ದ್ವೀಪದಲ್ಲಿ ಇದ್ದು ಬಂದಿದ್ದ ಡಚ್ಚರ ಮನೆಯವರಿಂದ ಅಗರ್ ಬಳಸುವುದನ್ನು ಕಲಿತಿದ್ದರು. ಅದನ್ನೇ ಹಾಕಿ ನೋಡಿ ಎಂದರು. ಅಗರ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಬೇಕಾದರೆ ಕುದಿಯುವ ನೀರಿಗೆ ಹತ್ತಿರದ ಬಿಸಿ ಬೇಕು. ಮೂವತ್ತೇಳು ಡಿಗ್ರಿಗೆ ಅದು ಜಗ್ಗುವುದಿಲ್ಲ.

1882ರ ಮಾರ್ಚ್ 24ರಂದು ಕಾಕ್ ಕ್ಷಯರೋಗದ ಅಣುವನ್ನು ಕಂಡುಹಿಡಿದದ್ದನ್ನು ಲೋಕಕ್ಕೆ ಸಾರಿದರು. ಆ ವರ್ಷದ ಅವರ ಲೇಖನದಲ್ಲಿ ಅಗರಿನ ಪ್ರಸ್ತಾಪ ಬರುತ್ತದೆ, ಫ್ಯಾನಿಯ ಹೆಸರು ಬರುವುದಿಲ್ಲ. ಐದು ವರ್ಷದ ನಂತರ ಅಗರ್ ಹಾಕಿಡುವ ಮುಚ್ಚಳದ ತಟ್ಟೆಯನ್ನು ರೂಪಿಸಿದ ಪೆಟ್ರಿಯ ಹೆಸರು ಇವತ್ತಿಗೂ ಪ್ರತಿ ಶಾಲೆಯ ಪುಸ್ತಕದಲ್ಲಿದೆ. ತಟ್ಟೆಗೆ ಹೆಸರು ಬಂತು, ಅದರೊಳಗಿನ ಅಡಿಗೆಗೆ ಬರಲಿಲ್ಲ. ಫ್ಯಾನಿ ಮೂರು ಗಂಡುಮಕ್ಕಳನ್ನು ಸಾಕಿ, ಗಂಡನ ಲೇಖನಗಳಿಗೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರ ಬರೆದುಕೊಟ್ಟು, 1934ರಲ್ಲಿ ತೀರಿಕೊಂಡರು. ಇವತ್ತಿಗೂ ಮೂತ್ರದಲ್ಲಿ ಸೋಂಕಿದೆಯೇ ಎಂದು ನೋಡಲು ‘ಕಲ್ಚರ್’ಗೆ ಬರೆದುಕೊಟ್ಟರೆ, ಆ ಅಣುಗಳು ಬೆಳೆಯುವುದು ಚೈನಾ ಗ್ರಾಸಿನ ಮೇಲೆಯೇ.

ನಮ್ಮ ದೇಶದ ಕಥೆ ಬೇರೆಯಲ್ಲ. ಮಲೇರಿಯಾದ ಕ್ರಿಮಿ ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡರು, 1902ರಲ್ಲಿ ನೊಬೆಲ್ ಪಡೆದರು. ಸೊಳ್ಳೆ ಕಚ್ಚಿಸಿಕೊಳ್ಳಲು ಮೈ ಒಡ್ಡಿದ ರೋಗಿ ಹುಸೇನ್ ಖಾನ್. ಅವನಿಗೆ ಒಂದು ಸೊಳ್ಳೆಗೆ ಒಂದಾಣೆ. ಮರುವರ್ಷ ಕಲ್ಕತ್ತೆಯಲ್ಲಿ ಪ್ರಯೋಗ ಮುಂದುವರಿದಾಗ ಮಹಮ್ಮದ್ ಬಕ್ಸ್ ಎಂಬ ಸಹಾಯಕ ಜೊತೆಗಿದ್ದ, ಕಿಶೋರಿ ಮೋಹನ ಬಂದ್ಯೋಪಾಧ್ಯಾಯರೂ ಇದ್ದರು. ಕಿಶೋರಿ ಮೋಹನರಿಗೆ 1903ರಲ್ಲಿ ಒಂದು ಚಿನ್ನದ ಪದಕ ಸಿಕ್ಕಿತು. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಳ್ಳಬೇಕು.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. ನಾನಿರುವುದು ಸಾಗರದಲ್ಲಿ. ಇಲ್ಲಿಯವರಿಗೆ ಮಂಗನ ಕಾಯಿಲೆಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯಲ್ಲಿ ಐದು ವರ್ಷದ ಹಿಂದಷ್ಟೇ ಶುರುವಾಗಿದ್ದ ವೈರಸ್ ಸಂಶೋಧನ ಕೇಂದ್ರದವರು ಬಂದರು. ಆಫ್ರಿಕಾದ ಹಳದಿ ಜ್ವರ ಇರಬಹುದೇ ಎಂಬುದು ಮೊದಲ ಅನುಮಾನ. ಕೊನೆಗೆ ಸಿಕ್ಕಿದ್ದು ಅದುವರೆಗೆ ಯಾರೂ ಕಂಡಿರದ ವೈರಸ್ಸು. ಉಣ್ಣಿಯಿಂದ ಹರಡುವಂಥದ್ದು, ರಷ್ಯದ ಕಡೆಯ ಮಿದುಳು ಜ್ವರದ ವೈರಸ್ಸಿಗೆ ದಾಯಾದಿ. ನಮ್ಮ ಕಾಡಿನ ಹೆಸರು ಲೋಕದ ವೈದ್ಯಗ್ರಂಥಗಳಿಗೆ ಸೇರಿದ್ದು ಹೀಗೆ.

ಈ ಕಥೆಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಭಾಗ ಒಂದಿದೆ. ಈ ವೈರಸ್ಸು ಪ್ರಯೋಗಾಲಯದವರಿಗೇ ಬಹಳ ಬೇಗ ಅಂಟಿಕೊಳ್ಳುತ್ತದೆ. ಕಾಡು ನೋಡದವರಿಗೂ, ಉಣ್ಣಿ ಕಚ್ಚಿಸಿಕೊಳ್ಳದವರಿಗೂ, ರೋಗಿಯ ರಕ್ತದ ನಳಿಕೆ ಹಿಡಿದ ಕಾರಣಕ್ಕೇ ಬರುತ್ತದೆ. ಆರಂಭದ ವರ್ಷಗಳಲ್ಲಿ ಪುಣೆಯ ಸಿಬ್ಬಂದಿಯಲ್ಲಿ ಹಲವರು ಹಾಗೆ ಜ್ವರ ಹಿಡಿದು ಮಲಗಿದರು. 2018ರ ಡಿಸೆಂಬರಿನಿಂದ ನಮ್ಮ ತಾಲ್ಲೂಕಿನ ಅರಳಗೋಡಿನ ಕಡೆ ಈ ಕಾಯಿಲೆ ಮತ್ತೆ ಎದ್ದು ಸಾವುಗಳಾದಾಗ, ಊರಿನ ಮಾತೆಲ್ಲ ರಕ್ತದ ಮಾದರಿಯ ಸುತ್ತಲೇ ಇತ್ತು. ಶಿವಮೊಗ್ಗಕ್ಕೆ ಹೋಯಿತಂತೆ, ಪುಣೆಗೆ ಹೋಯಿತಂತೆ, ಇನ್ನೂ ಬಂದಿಲ್ಲವಂತೆ. ತಡವಾಯಿತೆಂದು ಬೈದವರೇ ಎಲ್ಲರೂ. ಬೈಯುವುದಕ್ಕೆ ಕಾರಣವೂ ಇತ್ತು, ಮನೆಯಲ್ಲಿ ರೋಗಿ ಇಟ್ಟುಕೊಂಡವರ ಸಂಕಟ ಅದು. ಆದರೆ ಆ ನಳಿಕೆಯ ಮುಚ್ಚಳ ತೆಗೆಯುವವರಿಗೂ ಒಂದು ಮನೆ ಇದೆ ಎಂಬುದು ಆಗ ನನಗೆ ಹೊಳೆದದ್ದು, ನನ್ನ ಹುಡುಗಿ ಇಂಥದೇ ಕೆಲಸದಲ್ಲಿದ್ದದ್ದರಿಂದ.

ಇನ್ನೊಂದು ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1985ರ ಕೊನೆ. ಏಡ್ಸ್ ಎಂಬುದು ಅಮೆರಿಕದವರ ಕಾಯಿಲೆ, ನಮ್ಮ ಸಂಪ್ರದಾಯಸ್ಥ ದೇಶಕ್ಕೆ ಬರಲಾರದು ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ, ನಿನ್ನ ಪ್ರಬಂಧಕ್ಕೆ ಈ ವಿಷಯವನ್ನೇ ತೆಗೆದುಕೋ ಎಂದರು. ನಿರ್ಮಲಾ ಅವರಿಗೆ ಆಗ 32 ವರ್ಷ, ಎರಡು ಸಣ್ಣ ಮಕ್ಕಳು. ಸಂಪ್ರದಾಯದ ಮನೆತನದಿಂದ ಬಂದ ಹೆಂಗಸು. ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಸಂಗ್ರಹಿಸಬೇಕಾಗಿತ್ತು, ಅವರು ಎಲ್ಲಿ ಸಿಗುತ್ತಾರೆಂಬುದೂ ಆಕೆಗೆ ತಿಳಿದಿರಲಿಲ್ಲ. ಬೇಡ ಎನ್ನಬಹುದಾಗಿದ್ದ ಗಂಡ ಧೈರ್ಯ ಹೇಳಿದರು, ತಮ್ಮ ಸ್ಕೂಟರಿನಲ್ಲೇ ಕರೆದೊಯ್ದು ಬಿಟ್ಟು ಬರುತ್ತಿದ್ದರು. ಪೊಲೀಸರು ಹಿಡಿದು ತಂದ ಹೆಂಗಸರನ್ನು ಇಡುತ್ತಿದ್ದ ನಿಲಯಕ್ಕೆ ಹೋಗಿ ಮೂರು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಯ ರಕ್ತ ತೆಗೆದರು. ಕೈಗವಸಿಲ್ಲ, ಬೇರೆ ರಕ್ಷಣೆಯೂ ಇಲ್ಲ.

ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಇಡಲು ಸರಿಯಾದ ಜಾಗವಿರಲಿಲ್ಲ. ನಿರ್ಮಲಾ ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟರು. ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ಇಡುವ ಜಾಗ ಅದು! ಪರೀಕ್ಷೆಯ ಸೌಲಭ್ಯ ಮದರಾಸಿನಲ್ಲಿರಲಿಲ್ಲ. 1986ರ ಫೆಬ್ರವರಿಯಲ್ಲಿ ಮಂಜುಗಡ್ಡೆಯ ಡಬ್ಬದಲ್ಲಿ ಮಾದರಿಗಳನ್ನಿಟ್ಟುಕೊಂಡು ಗಂಡ ಹೆಂಡತಿ ರಾತ್ರಿ ರೈಲು ಹತ್ತಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋದರು. ಅಲ್ಲಿ ವೈರಸ್ ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಜೇಕಬ್ ಜಾನ್. ಮಧ್ಯೆ ಕರೆಂಟು ಹೋಯಿತು, ಎಲ್ಲರೂ ಟೀ ಕುಡಿಯಲು ಎದ್ದರು. ಮರಳಿ ಬಂದು ನೋಡಿದಾಗ ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದ್ದವು. ಮತ್ತೊಮ್ಮೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿ ಖಚಿತ ಮಾಡಿಕೊಂಡರು. ಭಾರತದಲ್ಲಿ ಎಚ್‌ಐವಿ ಇದೆ ಎಂದು ದೇಶಕ್ಕೆ ಗೊತ್ತಾದದ್ದು ಹೀಗೆ. ಸುನೀತಿ ಸಾಲೊಮನ್ ಮುಂದೆ ಏಡ್ಸ್ ರೋಗಿಗಳಿಗಾಗಿಯೇ ಬದುಕು ಸವೆಸಿ 2015ರಲ್ಲಿ ತೀರಿಕೊಂಡರು, ಪದ್ಮಶ್ರೀ ಬಂದದ್ದು ಆಮೇಲೆ, 2017ರಲ್ಲಿ. ನಿರ್ಮಲಾ ಪ್ರಬಂಧ ಒಪ್ಪಿಸಿ, ಮದರಾಸಿನ ಕಿಂಗ್ ಸಂಸ್ಥೆಯಲ್ಲಿ ನೌಕರಿ ಮಾಡಿ, 2010ರಲ್ಲಿ ನಿವೃತ್ತರಾದರು. ಮೂವತ್ತು ವರ್ಷ ಅವರನ್ನು ಹೆಚ್ಚು ಜನ ನೆನೆಯಲೇ ಇಲ್ಲ.

ನಿರ್ಮಲಾ ಓದಿದ ಡಾಕ್ಟರು ನಿಜ. ಆದರೆ ಅವರು ಮಾಡಿದ ಕೆಲಸದ ಸ್ವರೂಪ ನೋಡಿ. ರಕ್ತ ತೆಗೆಯುವುದು, ನಳಿಕೆಗೆ ಹೆಸರು ಅಂಟಿಸುವುದು, ತಣ್ಣಗಿಡುವುದು, ಕೆಡದಂತೆ ಒಯ್ಯುವುದು, ಬಣ್ಣ ತಿರುಗುವುದನ್ನು ಕಾಯುವುದು. ಲ್ಯಾಬಿನ ಹುಡುಗಿಯರು ದಿನವೂ ಮಾಡುವುದು ಇದನ್ನೇ.

ಇದರಲ್ಲಿ ಕಲಿಯುವುದಕ್ಕೇನಿದೆ, ಈಗ ಎಲ್ಲ ಯಂತ್ರವೇ ಮಾಡುತ್ತದಲ್ಲ ಎನ್ನುವವರಿದ್ದಾರೆ. ನಾನೂ ನನ್ನ ವಿದ್ಯಾರ್ಥಿನಿಯನ್ನು ಕೇಳಿದ್ದೆ. ಅವಳು ನಕ್ಕು, ‘ಮೇಡಂ, ತಪ್ಪು ಜಾಸ್ತಿ ಆಗೋದು ರಕ್ತ ಯಂತ್ರಕ್ಕೆ ಹೋಗೋಕೆ ಮುಂಚೇನೇ’ ಎಂದಳು. ತೋಳಿಗೆ ಕಟ್ಟಿದ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೆ ಕೆಲವು ಅಂಕಿಗಳು ಏರುತ್ತವೆ. ನಳಿಕೆಯನ್ನು ಜೋರಾಗಿ ಕುಲುಕಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳು ಹೇಳುತ್ತದೆ. ಸಕ್ಕರೆಗೆಂದು ತೆಗೆದ ರಕ್ತವನ್ನು ಸುಮ್ಮನೆ ಇಟ್ಟರೆ ಅದರೊಳಗಿನ ಕಣಗಳೇ ಸಕ್ಕರೆಯನ್ನು ತಿನ್ನುತ್ತ ಹೋಗುತ್ತವೆ, ಮಧುಮೇಹ ಇರುವವಳಿಗೂ ಅಂಕಿ ಕಡಿಮೆ ಬಂದೀತು. ಅದಕ್ಕೇ ಸಕ್ಕರೆಗೆ ಬೂದು ಮುಚ್ಚಳದ, ಫ್ಲೋರೈಡ್ ಹಾಕಿದ ನಳಿಕೆ ಬೇರೆ ಇದೆ. ಇಬ್ಬರು ಲಕ್ಷ್ಮಮ್ಮಂದಿರು ಒಂದೇ ಬೆಳಿಗ್ಗೆ ಬಂದರೆ ಚೀಟಿ ಅದಲುಬದಲಾಗದಂತೆ ನೋಡುವ ಯಂತ್ರ ನಮ್ಮ ಊರುಗಳಿಗೆ ಇನ್ನೂ ಬಂದಿಲ್ಲ.

ಯಂತ್ರವಿಲ್ಲದ ಕಾಲದ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಅವಳು ಓದುವಾಗ ಕಲಿತಿದ್ದಳು. ಬೆರಳಿನಿಂದ ತೆಗೆದ ಚೂರು ರಕ್ತಕ್ಕೆ ಆಮ್ಲ ಹಾಕಿದರೆ ಅದು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಹನಿಹನಿಯಾಗಿ ನೀರು ಬೆರೆಸಬೇಕು. ಎಷ್ಟು ನೀರು ಹಿಡಿಯಿತೋ ಅಷ್ಟು ಹಿಮೋಗ್ಲೋಬಿನ್. ಸಾಹ್ಲಿ ಎಂಬವರ ವಿಧಾನ. ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಬರುತ್ತದೆಂದು ಈಗ ಅದು ಹಿಂದೆ ಸರಿದಿದೆ. ಅಂಕಿ ತೆಗೆಯುವ ಬಗೆ ಸುಧಾರಿಸಿತು, ಅಂಕಿ ಸುಧಾರಿಸಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು.

ಕಣ್ಣಿನ ಎಚ್ಚರ ಎಂದೆನಲ್ಲ, ಅದಕ್ಕೆ ಬೊಂಬಾಯಿ ರಕ್ತದ ಗುಂಪೇ ಸಾಕ್ಷಿ. 1952ರಲ್ಲಿ ಡಾಕ್ಟರ್ ಭೆಂಡೆ ಮತ್ತು ಅವರ ಸಂಗಡಿಗರು ಬೊಂಬಾಯಿಯಲ್ಲಿ ಕಂಡುಹಿಡಿದದ್ದು. ಮಾಮೂಲಿ ಪರೀಕ್ಷೆಯಲ್ಲಿ ಆ ರಕ್ತ ‘ಓ’ ಗುಂಪಿನದೆಂದೇ ತೋರುತ್ತದೆ. ಆದರೆ ಅಂಥವರಿಗೆ ‘ಓ’ ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹೆರಿಗೆಯಲ್ಲಿ ರಕ್ತ ಹರಿಯುತ್ತಿರುವಾಗ, ಹೊರಗೆ ಗಂಡನ ಮನೆಯವರು ಅವಸರ ಮಾಡುತ್ತಿರುವಾಗ, ಕೊಡುವ ರಕ್ತವನ್ನೂ ಪಡೆಯುವ ರಕ್ತವನ್ನೂ ಸೇರಿಸಿ ಗಂಟು ಕಟ್ಟುತ್ತದೆಯೇ ಎಂದು ತಾಳ್ಮೆಯಿಂದ ನೋಡುವವರು ಒಬ್ಬರು ಬೇಕು. ರಾತ್ರಿ ಎರಡು ಗಂಟೆಗೆ ಆ ಒಬ್ಬರು ಸಾಮಾನ್ಯವಾಗಿ ಡಾಕ್ಟರಲ್ಲ.

ಇಂಥವರಿಗೆ ನಾವು ಕೊಟ್ಟಿರುವ ಸ್ಥಾನವೇನು? ಜನ ನನ್ನ ಹುಡುಗಿಯನ್ನು ‘ಸಿಸ್ಟರ್’ ಎನ್ನುತ್ತಾರೆ. ಅವಳು ನರ್ಸಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಓಗೊಡುತ್ತಾಳೆ. ಪಿಯುಸಿ ವಿಜ್ಞಾನ ಮುಗಿಸಿ ಡಿಎಂಎಲ್‌ಟಿ ಮಾಡಿದವಳು. 2011ರಲ್ಲಿ ಬೇರೊಂದು ಊರಿನ ಖಾಸಗಿ ಲ್ಯಾಬಿನಲ್ಲಿ ಮೊದಲ ಸಂಬಳ ಐದು ಸಾವಿರ ರೂಪಾಯಿ. ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟು. ಕಾಮಾಲೆಯ ಸೋಂಕು ತಡೆಯುವ ಹೆಪಟೈಟಿಸ್ ಬಿ ಚುಚ್ಚುಮದ್ದನ್ನು ತಾನೇ ದುಡ್ಡು ಕೊಟ್ಟು ಹಾಕಿಸಿಕೊಂಡಳು. ಅಲ್ಲಿ ಅವಳನ್ನು ಬಹಳ ಕಾಡಿದ್ದು ಸಂಬಳವಲ್ಲ. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಖಾಲಿ ಹಾಳೆಗಳ ಮೇಲೆ ಸಹಿ ಮಾಡಿಟ್ಟು ಹೋಗುತ್ತಿದ್ದರು, ಅದರ ಮೇಲೆ ಇವಳು ಅಂಕಿ ತುಂಬಬೇಕಿತ್ತು. ಸರಿಯಾದರೆ ಹೆಸರು ಅವರದು, ತಪ್ಪಾದರೆ ಬೈಗುಳ ಇವಳದು. ಎರಡು ವರ್ಷಕ್ಕೆ ಬಿಟ್ಟು ಬಂದಳು.

2017ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು, ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಲ್ಯಾಬ್ ವರದಿಗೆ ಸಹಿ ಹಾಕಬೇಕೆಂದಿತು. ಗುಜರಾತಿನಲ್ಲಿ ಸ್ವಂತ ಲ್ಯಾಬ್ ನಡೆಸುತ್ತಿದ್ದ ಟೆಕ್ನೀಷಿಯನ್ನರ ಸಂಘ ಮತ್ತು ಅಲ್ಲಿಯ ವೈದ್ಯರ ನಡುವಿನ ವ್ಯಾಜ್ಯ ಅದು. ತೀರ್ಪನ್ನು ನಾನು ತಪ್ಪೆನ್ನಲಾರೆ. ರೋಗ ಇದೆ, ಇಲ್ಲ ಎಂದು ಹೇಳುವ ಹೊಣೆ ಅದಕ್ಕೆಂದೇ ಓದಿದವರದಾಗಬೇಕು. ಆದರೆ ಪರೀಕ್ಷೆ ಮಾಡಿದವಳ ಹೆಸರನ್ನು ಆ ಸಹಿಯ ಪಕ್ಕ ಅಚ್ಚು ಹಾಕುವುದಕ್ಕೆ ಯಾವ ಕೋರ್ಟೂ ಅಡ್ಡ ಬಂದಿಲ್ಲ. ನಮ್ಮ ಉತ್ತರ ಪತ್ರಿಕೆಗಳ ಮೇಲೆ ತಿದ್ದಿದವರ ಸಹಿಯೂ ಇರುತ್ತದೆ, ಮುಖ್ಯ ಮೌಲ್ಯಮಾಪಕರದೂ ಇರುತ್ತದೆ. ಅದರಿಂದ ಯಾರ ಘನತೆಯೂ ಕಡಿಮೆಯಾಗಿಲ್ಲ.

2020ರ ಜನವರಿಯಲ್ಲಿ ಕೊರೊನಾ ಪರೀಕ್ಷೆಗೆ ದೇಶಕ್ಕೆಲ್ಲ ಇದ್ದದ್ದು ಪುಣೆಯ ಒಂದೇ ಪ್ರಯೋಗಾಲಯ. ಆ ವರ್ಷ ಮುಗಿಯುವುದರೊಳಗೆ ಅಂಥವು ಎರಡು ಸಾವಿರ ದಾಟಿದವು. ಕಟ್ಟಡ, ಯಂತ್ರ ದುಡ್ಡಿಗೆ ಬಂದವು, ಕೈಗಳು ಎಲ್ಲಿಂದ ಬಂದವು? ಇದೇ ಡಿಪ್ಲೊಮಾ ಹುಡುಗಿಯರು, ಹುಡುಗರು. ಮರುವರ್ಷ, 2021ರ ಮಾರ್ಚಿನಲ್ಲಿ, ಇವರಂಥ ಐವತ್ತಕ್ಕೂ ಹೆಚ್ಚು ವೃತ್ತಿಗಳಿಗೆ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ರಾಷ್ಟ್ರಕ್ಕೊಂದು ಆಯೋಗ, ರಾಜ್ಯಕ್ಕೊಂದು ಪರಿಷತ್ತು, ಅರ್ಹರ ಹೆಸರಿನ ನೋಂದಣಿ ಪುಸ್ತಕ. ಡಿಪ್ಲೊಮಾ ಮಟ್ಟಕ್ಕೆ ಕಡಿಮೆಯೆಂದರೆ ಎರಡು ಸಾವಿರ ಗಂಟೆಯ ಕಲಿಕೆ, ಮೇಲಿನ ಮಟ್ಟಕ್ಕೆ 3,600 ಗಂಟೆ. ಡಾಕ್ಟರಿಗೂ ನರ್ಸಿಗೂ ವಕೀಲರಿಗೂ ಎಂದೋ ಇದ್ದದ್ದು ಇವರಿಗೆ ಸ್ವಾತಂತ್ರ್ಯ ಬಂದು ಎಪ್ಪತ್ತಮೂರು ವರ್ಷಕ್ಕೆ ಬಂತು. ಬಂದದ್ದೂ ಕಾಗದದ ಮೇಲೆ. ರಾಜ್ಯಗಳು ಪರಿಷತ್ತು ರಚಿಸದೆ ಕೂತದ್ದರಿಂದ ಟೆಕ್ನಾಲಜಿಸ್ಟರ ಸಂಘವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2024ರ ಆಗಸ್ಟಿನಲ್ಲಿ ಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು.

ಈ ನಡುವೆ ಹೊಸ ತೊಂದರೆಯೊಂದು ಬಂದಿದೆ. ದೊಡ್ಡ ಕಂಪನಿಗಳು ತಾಲ್ಲೂಕಿಗೊಂದು ಸಂಗ್ರಹ ಕೇಂದ್ರ ತೆರೆದು, ರಕ್ತವನ್ನು ಬೆಂಗಳೂರಿಗೆ ಒಯ್ಯುತ್ತವೆ, ವರದಿ ಮೊಬೈಲಿಗೆ ಬರುತ್ತದೆ. ದರ ಕಡಿಮೆ, ಯಂತ್ರ ಒಳ್ಳೆಯದು, ನಮಗೆ ಅನುಕೂಲವೇ. ಆದರೆ ಎರಡು ವರ್ಷ ಸೂಕ್ಷ್ಮದರ್ಶಕ ನೋಡಲು ಕಲಿತ ಹುಡುಗಿಗೆ ಅಲ್ಲಿ ಉಳಿಯುವುದು ಸೂಜಿ ಚುಚ್ಚುವ ಕೆಲಸ ಮಾತ್ರ.

ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳನ್ನು ಈ ದಾರಿಗೆ ಕಳಿಸಬೇಕೇ ಎಂಬುದು ನನಗೆ ಬರಿಯ ಚರಿತ್ರೆಯ ಪ್ರಶ್ನೆಯಲ್ಲ. ಹೋದ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ, ಅಡಿಕೆ ಸುಲಿದು ಮಕ್ಕಳನ್ನು ಓದಿಸುತ್ತಿರುವವಳು, ಬಂದು ಕೇಳಿದಳು: ‘ಅಕ್ಕೋರೆ, ಲ್ಯಾಬಿನ ಓದಿಗೆ ಹಾಕ್ಲಾ? ಬೇಗ ಕೆಲಸ ಸಿಗ್ತದಂತೆ ಹೌದಾ?’ ಎಸ್ಸೆಸ್ಸೆಲ್ಸಿಯ ಮೇಲೆ ಮೂರು ವರ್ಷಕ್ಕೆ ಡಿಪ್ಲೊಮಾ ಮುಗಿಯುತ್ತದೆ, ಅದೇ ಅವಳ ಲೆಕ್ಕ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಹಳೆಯ ಹುಡುಗಿ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲಿದ್ದಾಳೆ, ಕಫದ ಸ್ಲೈಡಿನಲ್ಲಿ ಕೆಂಪು ಕಡ್ಡಿಯಂಥ ಕ್ಷಯದ ಅಣು ಕಂಡ ದಿನ ಆ ರೋಗಿ ಚಿಕಿತ್ಸೆಗೆ ಸೇರುವವರೆಗೆ ವಿಚಾರಿಸುತ್ತಾಳೆ. ಅವಳನ್ನೇ ಕೇಳಿದೆ. ‘ಕಳಿಸಿ ಮೇಡಂ, ಆದ್ರೆ ಪಿಯುಸಿ ಸೈನ್ಸ್ ಮುಗಿಸ್ಲಿ. ಆಮೇಲೆ ಬಿಎಸ್ಸಿ ಮಾಡ್ಬೇಕು ಅಂದ್ರೆ ದಾರಿ ಇರ್ತದೆ. ಕಾಲೇಜನ್ನ ಮಾತ್ರ ಕಣ್ಣಾರೆ ನೋಡಿ’ ಎಂದಳು. ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ, ಮಕ್ಕಳನ್ನು ನಿಜವಾದ ಆಸ್ಪತ್ರೆಯ ಲ್ಯಾಬಿಗೆ ಕಳಿಸುತ್ತಾರೆಯೇ, ಇಲ್ಲ ಗೋಡೆಯ ಮೇಲಿನ ಚಿತ್ರ ತೋರಿಸಿ ಪಾಸು ಮಾಡಿಸುತ್ತಾರೆಯೇ ಎಂದು ಕೇಳಬೇಕಂತೆ.

ತಾಯಿಯ ಮನವೊಲಿಸಲು ಒಂದು ವಾರ ಹಿಡಿಯಿತು. ಹುಡುಗಿ ಈಗ ಪಿಯುಸಿಗೆ ಹೋಗುತ್ತಿದ್ದಾಳೆ. ಮೊನ್ನೆ ದಸರಾ ರಜೆಯಲ್ಲಿ ನಾವು ಮೂವರೂ ಬಸ್ಸು ಹತ್ತಿ ಒಂದು ಕಾಲೇಜನ್ನು ನೋಡಿ ಬಂದೆವು. ನಲವತ್ತು ಮಕ್ಕಳ ತರಗತಿಗೆ ಸೂಕ್ಷ್ಮದರ್ಶಕ ನಾಲ್ಕು ಇದ್ದವು, ಎರಡರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಧೂಳು. ಜನವರಿಯಲ್ಲಿ ಇನ್ನೊಂದನ್ನು ನೋಡುವುದಿದೆ.